ಸರಾಸರಿ ಮತ್ತು ಮಾನಕ ವಿಚಲನೆ: ಹಂತ ಹಂತವಾಗಿ ಲೆಕ್ಕ ಹಾಕುವುದು ಹೇಗೆ?

"ಅದೇ ಹತ್ತು ಅಂಕಿಗಳ ಮಾನಕ ವಿಚಲನೆ. ಕ್ಯಾಲ್ಕುಲೇಟರ್‌ನಲ್ಲಿ 2.45 ಬರುತ್ತದೆ, ಎಕ್ಸೆಲ್‌ನಲ್ಲಿ 2.58 ಬರುತ್ತದೆ. ಯಾವುದು ಸರಿ?" ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಬಿ.ಎಡ್ ಪ್ರಾಜೆಕ್ಟ್ ಬರೆಯುವವರು ಕೇಳುತ್ತಾರೆ, ಲ್ಯಾಬ್ ರೆಕಾರ್ಡ್ ತುಂಬಿಸುವವರು ಕೇಳುತ್ತಾರೆ, ಮನೆಯಲ್ಲೇ ಹಪ್ಪಳ, ಚಟ್ನಿಪುಡಿ ಪ್ಯಾಕ್ ಮಾಡಿ ಮಾರುವವರೂ ಕೇಳುತ್ತಾರೆ. ಎರಡು ಉತ್ತರವೂ ಸರಿಯೇ. ನೀವು ಏನು ತಿಳಿಯಲು ಹೊರಟಿದ್ದೀರಿ ಅನ್ನುವುದರ ಮೇಲೆ ಎರಡರಲ್ಲಿ ಒಂದು ನಿಮ್ಮದಾಗುತ್ತದೆ. ಆ ಆಯ್ಕೆ ಯಾಕೆ ಬರುತ್ತದೆ ಅಂತ ಗೊತ್ತಾಗಬೇಕಾದರೆ ಒಂದು ಸಲವಾದರೂ ಪೆನ್ನು ಹಿಡಿದು ಕೈಯಲ್ಲೇ ಲೆಕ್ಕ ಮಾಡಬೇಕು. ಬನ್ನಿ, ಮಾಡೋಣ.

ಮೊದಲು ಎರಡು ಪದ. ಸರಾಸರಿ ಎಲ್ಲರಿಗೂ ಗೊತ್ತು: ಎಲ್ಲವನ್ನೂ ಕೂಡಿ, ಎಷ್ಟಿವೆಯೋ ಅಷ್ಟರಿಂದ ಭಾಗಿಸುವುದು. ಮಾನಕ ವಿಚಲನೆ ಅಂದರೆ ನಿಮ್ಮ ಅಂಕಿಗಳು ಆ ಸರಾಸರಿಯಿಂದ ಸಾಮಾನ್ಯವಾಗಿ ಎಷ್ಟು ದೂರ ಹರಡಿವೆ ಅನ್ನುವ ಅಳತೆ. ಇಂಗ್ಲಿಷಿನವರು ಸ್ಟ್ಯಾಂಡರ್ಡ್ ಡೀವಿಯೇಷನ್ ಅನ್ನುವುದು ಇದಕ್ಕೇ. ಕಾರ್ಲ್ ಪಿಯರ್ಸನ್ 1890ರ ದಶಕದಲ್ಲಿ ಆ ಹೆಸರನ್ನು ಬಳಕೆಗೆ ತಂದರು.

ಏನೇನು ಬೇಕು?

ಒಂದು ಹಾಳೆ, ಪೆನ್ನು, ವರ್ಗಮೂಲದ ಗುಂಡಿ ಇರುವ ಕ್ಯಾಲ್ಕುಲೇಟರ್. ಮೊಬೈಲ್‌ನಲ್ಲಿರುವುದೂ ಸಾಕು. ಹಾಳೆಯಲ್ಲಿ ಮೂರು ಕಂಬ ಎಳೆದುಕೊಳ್ಳಿ: ಅಂಕಿ, ವಿಚಲನೆ, ವಿಚಲನೆಯ ವರ್ಗ.

ಉದಾಹರಣೆಗೆ ಒಂದು ಸ್ವಸಹಾಯ ಸಂಘದ ಶೇಂಗಾ ಚಟ್ನಿಪುಡಿ ತೆಗೆದುಕೊಳ್ಳೋಣ. ಪ್ಯಾಕೆಟ್ ಮೇಲೆ 200 ಗ್ರಾಂ ಅಂತ ಅಚ್ಚಾಗಿದೆ. ದಿನಕ್ಕೆ 300 ಪ್ಯಾಕೆಟ್ ತುಂಬುತ್ತಾರೆ. ಅದರಲ್ಲಿ ಹತ್ತನ್ನು ಅಲ್ಲಲ್ಲಿ ಎತ್ತಿಕೊಂಡು ತೂಗಿದ್ದಾರೆ ಅಂತ ಇಟ್ಟುಕೊಳ್ಳಿ. ಲೆಕ್ಕ ಸಲೀಸಾಗಲಿ ಅಂತ ಅಂಕಿಗಳನ್ನು ನಾನೇ ಆರಿಸಿದ್ದೇನೆ:

203, 199, 202, 205, 201, 198, 204, 202, 206, 200

ತೂಗುವಾಗಲೇ ಒಂದು ಎಚ್ಚರ. ಖಾಲಿ ಕವರ್ ಇಟ್ಟು ತಕ್ಕಡಿಯನ್ನು ಸೊನ್ನೆಗೆ ತಂದುಕೊಳ್ಳಿ. ಇಲ್ಲದಿದ್ದರೆ ಕವರಿನ ತೂಕವೂ ಸರಾಸರಿಗೆ ಸೇರಿಕೊಳ್ಳುತ್ತದೆ. ಇನ್ನೊಂದು, 5 ಗ್ರಾಂಗೆ ಒಂದು ಸಲ ಮಾತ್ರ ಅಂಕಿ ಬದಲಾಯಿಸುವ ತಕ್ಕಡಿ ಈ ಕೆಲಸಕ್ಕೆ ಆಗುವುದಿಲ್ಲ. 198, 199, 201, 202 ಎಲ್ಲವನ್ನೂ ಅದು 200 ಅಂತಲೇ ತೋರಿಸುತ್ತದೆ. ಆಮೇಲೆ ಎಷ್ಟು ಲೆಕ್ಕ ಹಾಕಿದರೂ ಹರಡುವಿಕೆ ಸಿಗುವುದಿಲ್ಲ.

ಹಂತ 1: ಕೂಡಿ, ಭಾಗಿಸಿ

ಹತ್ತೂ ಅಂಕಿಗಳ ಮೊತ್ತ 2020. ಹತ್ತರಿಂದ ಭಾಗಿಸಿದರೆ 202. ಇದು ಸರಾಸರಿ.

ದೊಡ್ಡ ಸಂಖ್ಯೆಗಳನ್ನು ಕೂಡುವುದು ಬೇಜಾರಾದರೆ ಎಲ್ಲದರಿಂದಲೂ 200 ಕಳೆದುಬಿಡಿ. 3, −1, 2, 5, 1, −2, 4, 2, 6, 0 ಉಳಿಯುತ್ತದೆ. ಮೊತ್ತ 20, ಸರಾಸರಿ 2, ಅದಕ್ಕೆ 200 ಸೇರಿಸಿದರೆ 202. ಶಾಲೆಯಲ್ಲಿ ಅಂದಾಜು ಸರಾಸರಿ ವಿಧಾನ ಅಂತ ಕಲಿತದ್ದು ಇದೇ. ನನಗಂತೂ ಬಾಯಿಲೆಕ್ಕಕ್ಕೆ ಇದಕ್ಕಿಂತ ಒಳ್ಳೆಯ ಉಪಾಯ ಗೊತ್ತಿಲ್ಲ.

ಹಂತ 2: ಪ್ರತಿ ಅಂಕಿಯಿಂದ ಸರಾಸರಿ ಕಳೆಯಿರಿ

ಇದೇ ವಿಚಲನೆ. 203ರಲ್ಲಿ 202 ಕಳೆದರೆ +1. 199ರಲ್ಲಿ ಕಳೆದರೆ −3. ಹೀಗೆ ಹತ್ತೂ:

+1, −3, 0, +3, −1, −4, +2, 0, +4, −2

ಇಲ್ಲಿ ನಿಂತು ಒಂದು ತಾಳೆ ನೋಡಲೇಬೇಕು. ಇವನ್ನೆಲ್ಲ ಕೂಡಿದರೆ ಸೊನ್ನೆ ಬರಬೇಕು. ಬರದಿದ್ದರೆ ಸರಾಸರಿಯಲ್ಲೋ ಕಳೆಯುವುದರಲ್ಲೋ ತಪ್ಪಾಗಿದೆ, ಮುಂದೆ ಹೋಗಬೇಡಿ. ಸರಾಸರಿಯೇ ದಶಮಾಂಶದಲ್ಲಿದ್ದು ನೀವು ಅದನ್ನು ಮೊಟಕು ಮಾಡಿದ್ದರೆ ಸೊನ್ನೆಯ ಹತ್ತಿರ ಬಂದರೆ ಸಾಕು.

ಹಂತ 3: ವರ್ಗ ಮಾಡಿ, ಕೂಡಿ

ಸುಮ್ನೆ ವಿಚಲನೆಗಳ ಸರಾಸರಿ ತೆಗೆಯೋಣ ಅಂದರೆ ಪ್ಲಸ್ಸು ಮೈನಸ್ಸು ಹೊಡೆದುಹೋಗಿ ಯಾವಾಗಲೂ ಸೊನ್ನೆಯೇ ಬರುತ್ತದೆ. ಅದಕ್ಕೇ ಪ್ರತಿಯೊಂದನ್ನೂ ಅದರಿಂದಲೇ ಗುಣಿಸುತ್ತೇವೆ:

1, 9, 0, 9, 1, 16, 4, 0, 16, 4. ಮೊತ್ತ 60.

"ಮೈನಸ್ ಚಿಹ್ನೆ ತೆಗೆದುಹಾಕಿದರೆ ಸಾಕಲ್ವಾ?" ಅಂತ ಕೇಳಬಹುದು. ಹಾಗೆ ಮಾಡುವ ಅಳತೆಯೂ ಇದೆ, ಅದರ ಹೆಸರು ಸರಾಸರಿ ವಿಚಲನೆ. ಇಲ್ಲಿ ಅದು ಸರಿಯಾಗಿ 2 ಗ್ರಾಂ ಬರುತ್ತದೆ. ವರ್ಗ ಮಾಡುವುದರಲ್ಲಿ ದೂರ ಹೋದ ಅಂಕಿಗೆ ತೂಕ ಜಾಸ್ತಿ. 1 ಗ್ರಾಂ ತಪ್ಪಿದ್ದಕ್ಕೆ 1 ಸೇರಿದರೆ, 4 ಗ್ರಾಂ ತಪ್ಪಿದ್ದಕ್ಕೆ 16 ಸೇರುತ್ತದೆ.

ಕ್ಯಾಲ್ಕುಲೇಟರ್ ಬಳಸುವವರಿಗೆ ಒಂದು ಮಾತು. ಸೈಂಟಿಫಿಕ್ ಕ್ಯಾಲ್ಕುಲೇಟರ್‌ನಲ್ಲಿ −3 ಒತ್ತಿ ವರ್ಗದ ಗುಂಡಿ ಒತ್ತಿದರೆ ಎಷ್ಟೋ ಮಾಡೆಲ್‌ಗಳು −9 ತೋರಿಸುತ್ತವೆ. ಅದು ಮೊದಲು 3ರ ವರ್ಗ ಮಾಡಿ ಆಮೇಲೆ ಮೈನಸ್ ಹಾಕುತ್ತದೆ. ಆವರಣ ಹಾಕಿ, ಇಲ್ಲವೇ ಮೈನಸ್ ಬಿಟ್ಟೇ ವರ್ಗ ಮಾಡಿ. ಮೂರನೇ ಕಂಬದಲ್ಲಿ ಒಂದೇ ಒಂದು ಮೈನಸ್ ಕಂಡರೂ ಅದು ತಪ್ಪು.

ಹಂತ 4: 10ರಿಂದ ಭಾಗಿಸಬೇಕೋ, 9ರಿಂದಲೋ?

ಎರಡು ಉತ್ತರ ಹುಟ್ಟುವುದು ಇಲ್ಲೇ.

60 ÷ 10 = 6. ಇದರ ವರ್ಗಮೂಲ 2.45.
60 ÷ 9 = 6.67. ಇದರ ವರ್ಗಮೂಲ 2.58.

ನಿಮ್ಮನ್ನು ನೀವೇ ಕೇಳಿಕೊಳ್ಳಿ: ನನಗೆ ಬೇಕಾದದ್ದೆಲ್ಲ ನನ್ನ ಹಾಳೆಯಲ್ಲೇ ಇದೆಯಾ? ಇದ್ದರೆ ಪೂರ್ತಿ ಎಣಿಕೆಯಿಂದ ಭಾಗಿಸಿ. ಒಂದು ತರಗತಿಯ 42 ಮಕ್ಕಳ ಅಂಕವೂ ಕೈಯಲ್ಲಿದೆ, ಆ 42 ಮಕ್ಕಳ ಬಗ್ಗೆಯೇ ಬರೆಯುತ್ತಿದ್ದೀರಿ ಅಂದರೆ 42ರಿಂದ. ಇದಕ್ಕೆ ಪುಸ್ತಕದಲ್ಲಿ ಸಮಷ್ಟಿ ಅನ್ನುತ್ತಾರೆ, ಅಂದರೆ ಇಡೀ ಗುಂಪು. ಆದರೆ ನಮ್ಮ ಸಂಘದವರು ತೂಗಿದ್ದು 300ರಲ್ಲಿ 10 ಮಾತ್ರ. ಅವರಿಗೆ ಬೇಕಿರುವುದು 300ರ ಸುದ್ದಿ. ಹೀಗೆ ಸ್ಯಾಂಪಲ್ ನೋಡಿ ಇಡೀ ಗುಂಪನ್ನು ಅಂದಾಜು ಮಾಡುವಾಗ ಒಂದು ಕಡಿಮೆ ಮಾಡಿ, 9ರಿಂದ ಭಾಗಿಸಬೇಕು. ಹಾಗಾಗಿ ಅವರ ಉತ್ತರ 2.58 ಗ್ರಾಂ.

ಒಂದು ಕಡಿಮೆ ಯಾಕೆ? ಬಹಳ ಜನ ಇದನ್ನು ಕಣ್ಣುಮುಚ್ಚಿ ಬಾಯಿಪಾಠ ಮಾಡುತ್ತಾರೆ. ಅಷ್ಟು ಕಷ್ಟದ್ದೇನಲ್ಲ. 202 ಅನ್ನುವ ಸರಾಸರಿ ಬಂದಿದ್ದು ಇದೇ ಹತ್ತು ಪ್ಯಾಕೆಟ್‌ಗಳಿಂದ. ಹಾಗಾಗಿ ಅದು ಈ ಹತ್ತಕ್ಕೆ ಆದಷ್ಟೂ ಹತ್ತಿರವೇ ಇರುತ್ತದೆ. 300 ಪ್ಯಾಕೆಟ್‌ಗಳ ನಿಜವಾದ ಸರಾಸರಿ 203 ಇದ್ದಿದ್ದರೆ? 203ರಿಂದ ವಿಚಲನೆ ತೆಗೆದು ವರ್ಗ ಮಾಡಿ ಕೂಡಿ ನೋಡಿ, 60 ಬದಲು 70 ಬರುತ್ತದೆ. 201 ಇಟ್ಟುಕೊಂಡರೂ 70. ಬೇರೆ ಯಾವ ಸಂಖ್ಯೆ ಇಟ್ಟರೂ 60ಕ್ಕಿಂತ ಜಾಸ್ತಿಯೇ. ಅಂದರೆ ನಮ್ಮ 60 ಸ್ವಲ್ಪ ಕಮ್ಮಿಯಾಗಿರುವ ಅಂದಾಜು. ಆ ಕೊರತೆ ತುಂಬಲು ಭಾಗಿಸುವ ಸಂಖ್ಯೆಯನ್ನು ಒಂದು ಇಳಿಸುತ್ತೇವೆ.

ಇನ್ನೊಂದು ರೀತಿಯಲ್ಲೂ ನೋಡಬಹುದು. ಹಂತ 2ರ ಪಟ್ಟಿಯಲ್ಲಿ ಕೊನೆಯ ವಿಚಲನೆಯನ್ನು ಬೆರಳಿಂದ ಮುಚ್ಚಿ. ಉಳಿದ ಒಂಬತ್ತನ್ನು ಕೂಡಿದರೆ +2. ಒಟ್ಟು ಸೊನ್ನೆಯಾಗಬೇಕಾದ್ದರಿಂದ ಮುಚ್ಚಿದ್ದು −2 ಆಗಿರಲೇಬೇಕು. ಹತ್ತನೆಯದರಲ್ಲಿ ಹೊಸ ಸುದ್ದಿ ಏನೂ ಇಲ್ಲ. ಸ್ವಂತ ಸುದ್ದಿ ಕೊಡುವುದು ಒಂಬತ್ತೇ. ಈ ತಿದ್ದುಪಡಿಗೆ ಬೆಸೆಲ್ ತಿದ್ದುಪಡಿ ಅಂತ ಹೆಸರು.

ಅಂಕಿಗಳು ನೂರಾರು ಇದ್ದಾಗ 499ರಿಂದ ಭಾಗಿಸಿದರೂ 500ರಿಂದ ಭಾಗಿಸಿದರೂ ಉತ್ತರ ಹೆಚ್ಚುಕಮ್ಮಿ ಒಂದೇ. ಐದು, ಆರು, ಹತ್ತು ಅಂಕಿ ಇರುವಾಗಲೇ ಈ ಆಯ್ಕೆಗೆ ಬೆಲೆ.

ಹಂತ 5: ವರ್ಗಮೂಲ ತೆಗೆಯಿರಿ

ಭಾಗಿಸಿ ಬಂದ 6.67 ಇನ್ನೂ ಗ್ರಾಂ ಆಗಿಲ್ಲ. ಅದು ಗ್ರಾಂನ ವರ್ಗ. ಇದಕ್ಕೆ ವೇರಿಯನ್ಸ್ ಅನ್ನುತ್ತಾರೆ. ಎಷ್ಟೋ ಜನ ಇಲ್ಲೇ ನಿಲ್ಲಿಸಿ ಇದನ್ನೇ ಉತ್ತರ ಅಂತ ಬರೆದುಬಿಡುತ್ತಾರೆ. ವರ್ಗಮೂಲ ತೆಗೆದ ಮೇಲೆಯೇ 2.58 ಗ್ರಾಂ, ಅಂದರೆ ತಕ್ಕಡಿಯ ಮೇಲೆ ಕಾಣುವ ಗ್ರಾಂ, ಸಿಗುವುದು.

ಬಂದ ಉತ್ತರದಿಂದ ಏನು ತಿಳಿಯಿತು?

ಅದೇ ಸಂಘದ ಎರಡನೇ ಟೇಬಲ್‌ನಲ್ಲಿ ತುಂಬಿದ ಹತ್ತು ಪ್ಯಾಕೆಟ್ ಹೀಗಿವೆ ಅಂದುಕೊಳ್ಳಿ:

212, 193, 204, 188, 210, 202, 197, 215, 206, 193

ಮೊತ್ತ 2020, ಸರಾಸರಿ 202. ಮೊದಲ ಟೇಬಲ್‌ನದೇ ಸರಾಸರಿ! ಆದರೆ ವಿಚಲನೆಗಳ ವರ್ಗದ ಮೊತ್ತ 736. 9ರಿಂದ ಭಾಗಿಸಿ ವರ್ಗಮೂಲ ತೆಗೆದರೆ 9.04 ಗ್ರಾಂ. ನೀವೇ ಮಾಡಿ ನೋಡಿ, ಅಭ್ಯಾಸಕ್ಕೆ ಚೆನ್ನಾಗಿದೆ.

ಅಂಕಿಗಳು ಸರಾಸರಿಯ ಸುತ್ತ ದಟ್ಟವಾಗಿದ್ದು ಎರಡೂ ಕಡೆಗೆ ಒಂದೇ ರೀತಿ ತೆಳುವಾಗುತ್ತಾ ಹೋದರೆ, ಅಂದರೆ ಗ್ರಾಫ್ ಗಂಟೆಯ ಆಕಾರದಲ್ಲಿದ್ದರೆ, ಸುಮಾರು 68% ಅಂಕಿಗಳು ಸರಾಸರಿಯಿಂದ ಒಂದು ಮಾನಕ ವಿಚಲನೆಯೊಳಗೆ, 95% ಎರಡರೊಳಗೆ ಇರುತ್ತವೆ. ಮೊದಲ ಟೇಬಲ್‌ಗೆ ಎರಡು ಮಾನಕ ವಿಚಲನೆ ಅಂದರೆ ಸುಮಾರು 5 ಗ್ರಾಂ, ಎರಡನೇ ಟೇಬಲ್‌ಗೆ 18 ಗ್ರಾಂ. ಒಂದು ಕಡೆ ಹೆಚ್ಚಿನ ಪ್ಯಾಕೆಟ್‌ಗಳು 197ರಿಂದ 207ರೊಳಗೆ ಇರುತ್ತವೆ. ಇನ್ನೊಂದು ಕಡೆ 184ರಿಂದ 220ರವರೆಗೆ ಎಲ್ಲಿ ಬೇಕಾದರೂ ಇರಬಹುದು. ಗಿರಾಕಿಗೆ ಸಿಗುವುದು ಒಂದು ಪ್ಯಾಕೆಟ್, ಸರಾಸರಿ ಅಲ್ಲ. 188 ಗ್ರಾಂ ಸಿಕ್ಕವರಿಗೆ ಸಂಘದ ಸರಾಸರಿ 202 ಅಂತ ಹೇಳಿ ಏನು ಪ್ರಯೋಜನ? ಪ್ಯಾಕೆಟ್ ಸಾಮಾನುಗಳ ಮೇಲಿನ 2011ರ ಕಾನೂನು ಮಾಪನ ನಿಯಮಗಳೂ ಸ್ಯಾಂಪಲ್‌ನ ಸರಾಸರಿಯ ಜೊತೆಗೆ ಒಂದೊಂದು ಪ್ಯಾಕೆಟ್‌ನ ಕೊರತೆಯನ್ನೂ ನೋಡುತ್ತವೆ.

ಇದರಲ್ಲಿ ದುಡ್ಡಿನ ಲೆಕ್ಕವೂ ಇದೆ. ಹೆಚ್ಚಿನ ಪ್ಯಾಕೆಟ್‌ಗಳು 200ಕ್ಕಿಂತ ಕಡಿಮೆ ಇರಬಾರದು ಅಂತ ಎರಡು ಮಾನಕ ವಿಚಲನೆಯಷ್ಟು ಮೇಲಕ್ಕೆ ಗುರಿ ಇಟ್ಟು ತುಂಬಿದರೆ, ಮೊದಲ ಟೇಬಲ್‌ನವರು 205 ಗ್ರಾಂಗೆ ತುಂಬಿದರೆ ಸಾಕು. ಎರಡನೆಯವರು 218ಕ್ಕೆ ತುಂಬಬೇಕು. 300 ಪ್ಯಾಕೆಟ್‌ಗೆ ಮೊದಲನೆಯವರು ಜಾಸ್ತಿ ಕೊಡುವ ಪುಡಿ ಒಂದೂವರೆ ಕೆಜಿ, ಎರಡನೆಯವರದು 5.4 ಕೆಜಿ. ದಿನವೂ. ಚಮಚ ಬದಲಿಸಿ, ಪ್ರತಿ ಪ್ಯಾಕೆಟ್‌ನ್ನೂ ತೂಗಿ ಸೀಲ್ ಮಾಡಿದರೆ ಉಳಿಯುವುದು ಈ ಪುಡಿ.

ಗಂಟೆಯ ಆಕಾರ ಇಲ್ಲದಿದ್ದರೆ 68, 95 ಅನ್ನುವ ಲೆಕ್ಕ ಹಚ್ಚಬೇಡಿ. ಊರಿನ ಮನೆಗಳ ಆದಾಯ, ಮಳೆಯ ದಿನವಹಿ ಅಳತೆ ಇಂಥವುಗಳಲ್ಲಿ ಅದು ನಡೆಯುವುದಿಲ್ಲ. ಯಾವ ಆಕಾರದ ಅಂಕಿಗಳಿಗೂ ಖಾತ್ರಿಯಾಗಿ ಹೇಳಬಹುದಾದದ್ದು ಇಷ್ಟು: ಕನಿಷ್ಠ ಮುಕ್ಕಾಲು ಪಾಲು ಎರಡು ಮಾನಕ ವಿಚಲನೆಯೊಳಗೆ ಇರುತ್ತವೆ.

ಅಡ್ಡದಾರಿ, ಮತ್ತು ಅದರ ಅಪಾಯ

ಸರಾಸರಿ ದಶಮಾಂಶದಲ್ಲಿ ಬಂದಾಗ ಪ್ರತಿ ಅಂಕಿಯಿಂದಲೂ ಅದನ್ನು ಕಳೆಯುವುದು ತಲೆನೋವು. ಆಗ ಹೀಗೆ ಮಾಡಿ: ಮೂಲ ಅಂಕಿಗಳನ್ನೇ ವರ್ಗ ಮಾಡಿ ಕೂಡಿ. ಅದರಿಂದ, ಮೊತ್ತದ ವರ್ಗವನ್ನು ಎಣಿಕೆಯಿಂದ ಭಾಗಿಸಿ ಬಂದದ್ದನ್ನು ಕಳೆಯಿರಿ. ಹಂತ 3ರ ಮೊತ್ತವೇ ಸಿಗುತ್ತದೆ.

ನಿಜವಾದ ಅಂಕಿಗಳಲ್ಲಿ ನೋಡೋಣ. 2002ರ ಇಂಗ್ಲೆಂಡ್ ಪ್ರವಾಸದ ನಾಲ್ಕು ಟೆಸ್ಟ್‌ಗಳಲ್ಲಿ ನಮ್ಮ ರಾಹುಲ್ ದ್ರಾವಿಡ್ ಆರು ಇನಿಂಗ್ಸ್ ಆಡಿದರು: 46, 63, 13, 115, 148, 217. ಮೊತ್ತ 602, ಸರಾಸರಿ 100.33.

ವರ್ಗಗಳು: 2116, 3969, 169, 13225, 21904, 47089. ಮೊತ್ತ 88472.
602ರ ವರ್ಗ 362404. ಅದನ್ನು 6ರಿಂದ ಭಾಗಿಸಿದರೆ 60400.67.
ಕಳೆದರೆ 28071.33.

ಆ ಸರಣಿಯ ಆರೂ ಇನಿಂಗ್ಸ್ ಇಲ್ಲೇ ಇವೆ, ನಾವು ಹೇಳುತ್ತಿರುವುದೂ ಆ ಸರಣಿಯ ಬಗ್ಗೆ ಮಾತ್ರ. ಹಾಗಾಗಿ 6ರಿಂದ ಭಾಗಿಸುತ್ತೇವೆ: 4678.56. ವರ್ಗಮೂಲ 68.4 ರನ್. ಸರಾಸರಿ ನೂರು ಅಂದ ಮಾತ್ರಕ್ಕೆ ಪ್ರತಿ ಸಲ ನೂರರ ಆಸುಪಾಸು ಹೊಡೆದರು ಅಂತಲ್ಲ, ಹದಿಮೂರೂ ಇದೆ, ಇನ್ನೂರಹದಿನೇಳೂ ಇದೆ ಅನ್ನುವುದನ್ನು ಈ 68.4 ಹೇಳುತ್ತದೆ.

ಕ್ರಿಕೆಟ್ ಅಂಕಿ ಬಳಸುವವರು ಒಂದು ಗಮನದಲ್ಲಿಡಿ. ಬ್ಯಾಟಿಂಗ್ ಸರಾಸರಿಯನ್ನು ಎಷ್ಟು ಸಲ ಔಟಾದರೋ ಅಷ್ಟರಿಂದ ಭಾಗಿಸುತ್ತಾರೆ, ಇನಿಂಗ್ಸ್ ಸಂಖ್ಯೆಯಿಂದಲ್ಲ. 50, 30, ನಾಟೌಟ್ 40 ಅಂದರೆ ಬ್ಯಾಟಿಂಗ್ ಸರಾಸರಿ 60, ನಮ್ಮ ಸರಾಸರಿ 40. ಮಾನಕ ವಿಚಲನೆಗೆ ಬೇಕಾದದ್ದು 40. ದ್ರಾವಿಡ್ ಆ ಆರು ಇನಿಂಗ್ಸ್‌ನಲ್ಲೂ ಔಟಾಗಿದ್ದರಿಂದ ಇಲ್ಲಿ ಎರಡೂ ಒಂದೇ.

ಇನ್ನು ಅಪಾಯದ ವಿಷಯ. ಈ ಅಡ್ಡದಾರಿಯಲ್ಲಿ ಸರಾಸರಿಯನ್ನು ಮೊಟಕು ಮಾಡಿ ಬಳಸಿದರೆ ಲೆಕ್ಕ ಪೂರ್ತಿ ಕೆಡುತ್ತದೆ. ಮೊದಲ ಟೇಬಲ್‌ನ ಕೊನೆಯ ಪ್ಯಾಕೆಟ್ 200 ಬದಲು 199 ಇತ್ತು ಅನ್ನಿ. ವರ್ಗಗಳ ಮೊತ್ತ 407701. ಸರಾಸರಿ 201.9. "ಹತ್ತಿರ ಹತ್ತಿರ 202" ಅಂತ ತೆಗೆದುಕೊಂಡು 202ರ ವರ್ಗವನ್ನು 10ರಿಂದ ಗುಣಿಸಿದರೆ 408040. ಕಳೆದರೆ −339! ಮೈನಸ್ ಸಂಖ್ಯೆಗೆ ವರ್ಗಮೂಲ ಎಲ್ಲಿಂದ ತರುತ್ತೀರಿ? ಸರಿಯಾದ ಉತ್ತರ 64.9. ಅದಕ್ಕೇ ಸರಾಸರಿಯ ಬದಲು ಮೊತ್ತವನ್ನೇ ಬಳಸಿ: 2019ರ ವರ್ಗ ಭಾಗಿಸು 10. ಇನ್ನೂ ಒಳ್ಳೆಯದು, ಮೊದಲೇ ಎಲ್ಲದರಿಂದ 200 ಕಳೆದು ಸಣ್ಣ ಸಂಖ್ಯೆಗಳಲ್ಲಿ ಲೆಕ್ಕ ಮಾಡಿ. ಒಂದೇ ಸಂಖ್ಯೆಯನ್ನು ಎಲ್ಲದರಿಂದ ಕಳೆದರೆ ಮಾನಕ ವಿಚಲನೆ ಬದಲಾಗುವುದಿಲ್ಲ.

ಆವೃತ್ತಿ ಪಟ್ಟಿ ಇದ್ದರೆ

ಒಂದೇ ಅಂಕಿ ಎಷ್ಟು ಸಲ ಬಂದಿದೆಯೋ ಅದು ಆವೃತ್ತಿ. 200 ಗ್ರಾಂ 5 ಪ್ಯಾಕೆಟ್, 202 ಗ್ರಾಂ 10, 204 ಗ್ರಾಂ 5 ಅಂತಿದ್ದರೆ ಸರಾಸರಿ 202. ಪ್ರತಿ ವಿಚಲನೆಯ ವರ್ಗವನ್ನೂ ಆವೃತ್ತಿಯಿಂದ ಗುಣಿಸಿ: 4 × 5, 0 × 10, 4 × 5. ಮೊತ್ತ 40. ಭಾಗಿಸುವಾಗ ಪಟ್ಟಿಯಲ್ಲಿ ಮೂರು ಸಾಲಿದೆ ಅಂತ 3 ಹಿಡಿಯಬೇಡಿ. ಪ್ಯಾಕೆಟ್ ಇರುವುದು 20. ಸ್ಯಾಂಪಲ್ ಆದ್ದರಿಂದ 19ರಿಂದ ಭಾಗಿಸಿ ವರ್ಗಮೂಲ ತೆಗೆದರೆ 1.45 ಗ್ರಾಂ. 10ರಿಂದ 20, 20ರಿಂದ 30 ಅಂತ ವರ್ಗಾಂತರ ಕೊಟ್ಟಿದ್ದರೆ 15, 25 ಅಂತ ನಡುವಿನ ಸಂಖ್ಯೆ ಹಿಡಿದು ಇದನ್ನೇ ಮಾಡಿ. ಆಗ ಬರುವುದು ಅಂದಾಜು ಉತ್ತರ.

ಕ್ಯಾಲ್ಕುಲೇಟರ್ ಮತ್ತು ಎಕ್ಸೆಲ್

ಕ್ಯಾಸಿಯೋ ಎಫ್‌ಎಕ್ಸ್ 991 ಎಂಎಸ್ ಇದ್ದವರು ಮೋಡ್‌ನಲ್ಲಿ ಎಸ್‌ಡಿ ಆರಿಸಿ, ಒಂದೊಂದೇ ಅಂಕಿ ಒತ್ತಿ ಎಂ ಪ್ಲಸ್ ಒತ್ತುತ್ತಾ ಹೋಗಿ. ಶುರು ಮಾಡುವ ಮುಂಚೆ ಹಳೆಯ ಅಂಕಿಗಳನ್ನು ಅಳಿಸಿ. ನಿನ್ನೆಯದು ಒಳಗೇ ಉಳಿದಿದ್ದರೆ ಇವತ್ತಿನದರ ಜೊತೆ ಸೇರಿಕೊಳ್ಳುತ್ತದೆ. ಎಣಿಕೆ ಎಷ್ಟು ತೋರಿಸುತ್ತಿದೆ ಅಂತ ನೋಡಿಕೊಂಡರೆ ಇದು ಗೊತ್ತಾಗುತ್ತದೆ. ಉತ್ತರ ತೆಗೆಯುವಾಗ ಸಿಗ್ಮಾ ಎನ್ ಅಂದರೆ ಪೂರ್ತಿ ಎಣಿಕೆಯಿಂದ ಭಾಗಿಸಿದ್ದು. ಸಿಗ್ಮಾ ಎನ್ ಮೈನಸ್ ಒಂದು ಅಂದರೆ ಸ್ಯಾಂಪಲ್‌ನದು. ಹೊಸ ಮಾಡೆಲ್‌ಗಳಲ್ಲಿ ಸ್ಯಾಂಪಲ್‌ನದಕ್ಕೆ ಎಸ್ ಅಕ್ಷರ ಹಾಕಿದ್ದಾರೆ.

ಎಕ್ಸೆಲ್‌ನಲ್ಲಿ ಸರಾಸರಿಗೆ ಆವರೇಜ್, ಮಾನಕ ವಿಚಲನೆಗೆ ಎಸ್‌ಟಿಡಿಇವಿ ಡಾಟ್ ಎಸ್ ಮತ್ತು ಎಸ್‌ಟಿಡಿಇವಿ ಡಾಟ್ ಪಿ ಅಂತ ಎರಡು ಫಂಕ್ಷನ್ ಇವೆ. ಎಸ್ ಸ್ಯಾಂಪಲ್‌ಗೆ, ಪಿ ಇಡೀ ಗುಂಪಿಗೆ. ಸೆಲ್‌ನಲ್ಲಿ "203 ಗ್ರಾಂ" ಅಂತ ಟೈಪ್ ಮಾಡಿದರೆ ಅದು ಅಕ್ಷರ ಅಂದುಕೊಂಡು ಲೆಕ್ಕದಿಂದ ಬಿಟ್ಟುಬಿಡುತ್ತದೆ, ತಪ್ಪು ಅಂತ ಹೇಳುವುದೂ ಇಲ್ಲ. ಖಾಲಿ ಸೆಲ್ ಎಣಿಕೆಗೆ ಬರುವುದಿಲ್ಲ, ಸೊನ್ನೆ ಹಾಕಿದ ಸೆಲ್ ಬರುತ್ತದೆ. ಪರೀಕ್ಷೆಗೆ ಬಾರದ ಮಗುವಿಗೆ ಸೊನ್ನೆ ಹಾಕಿದರೆ ತರಗತಿಯ ಎರಡೂ ಅಂಕಿ ಹಾಳಾಗುತ್ತವೆ.

ಜಾಸ್ತಿ ಕಾಣುವ ತಪ್ಪುಗಳು

ಒಂದೇ ಟೈಪಿಂಗ್ ತಪ್ಪು ಸಾಕು. ಮೊದಲ ಟೇಬಲ್‌ನ 206ನ್ನು 260 ಅಂತ ಬರೆದರೆ ಸರಾಸರಿ 207.4ಕ್ಕೆ ಏರುತ್ತದೆ. ಮಾನಕ ವಿಚಲನೆ 2.58ರಿಂದ 18.6ಕ್ಕೆ ಹಾರುತ್ತದೆ. ಹಾಗಾಗಿ ಲೆಕ್ಕ ಶುರು ಮಾಡುವ ಮುಂಚೆ ಅತಿ ಚಿಕ್ಕದು, ಅತಿ ದೊಡ್ಡದು ಯಾವುದು ಅಂತ ಕಣ್ಣಾಡಿಸಿ. ವಿಚಿತ್ರ ಅನ್ನಿಸಿದ ಅಂಕಿಯನ್ನು ಸುಮ್ನೆ ಅಳಿಸಬೇಡಿ. ಮೂಲ ಪುಸ್ತಕ ತೆಗೆದು ನೋಡಿ, ಆಗುವುದಾದರೆ ಮತ್ತೆ ತೂಗಿ. ಅದು ನಿಜವಾಗಿಯೂ 260 ಇದ್ದರೆ, ಆ ಪ್ಯಾಕೆಟ್ ಹೇಗೆ ಬಂತು ಅನ್ನುವುದೇ ನೀವು ಹುಡುಕಬೇಕಾದ ವಿಷಯ.

ಸರಾಸರಿಗಳ ಸರಾಸರಿ ತೆಗೆಯುವುದು ಇನ್ನೊಂದು. 40 ಮಕ್ಕಳ ತರಗತಿಯ ಸರಾಸರಿ 60, 20 ಮಕ್ಕಳದು 75 ಅಂದರೆ ಒಟ್ಟು ಸರಾಸರಿ 67.5 ಅಲ್ಲ. 2400ಕ್ಕೆ 1500 ಸೇರಿಸಿ 60ರಿಂದ ಭಾಗಿಸಿ, 65. ಮಾನಕ ವಿಚಲನೆಗಳನ್ನಂತೂ ಹಾಗೆ ಕೂಡಲೇಬಾರದು. ಎರಡು ಟೇಬಲ್‌ಗಳ 2.58 ಮತ್ತು 9.04ರ ನಡುವಿನದು 5.81. ಆದರೆ 20 ಪ್ಯಾಕೆಟ್‌ಗಳನ್ನೂ ಸೇರಿಸಿ ಲೆಕ್ಕ ಮಾಡಿದರೆ ಬರುವುದು 6.47.

ಕೊನೆಯದಾಗಿ ಬರೆಯುವ ರೀತಿ. ಲೆಕ್ಕದ ನಡುವೆ ಎಲ್ಲೂ ದಶಮಾಂಶ ಕತ್ತರಿಸಬೇಡಿ, ಕೊನೆಗೆ ಒಂದೇ ಸಲ ಮಾಡಿ. ಅಳತೆ ಪೂರ್ಣ ಗ್ರಾಂನಲ್ಲಿದ್ದರೆ ಉತ್ತರಕ್ಕೆ ಒಂದು ದಶಮಾಂಶ ಸಾಕು. 2.5819889 ಅಂತ ಬರೆದರೆ ತಕ್ಕಡಿಗೆ ಇಲ್ಲದ ಸೂಕ್ಷ್ಮತೆ ಇದೆ ಅಂದಹಾಗೆ ಆಗುತ್ತದೆ. ಎಷ್ಟು ಅಂಕಿಗಳಿಂದ ತೆಗೆದದ್ದು, ಯಾವುದರಿಂದ ಭಾಗಿಸಿದ್ದು ಅನ್ನುವುದನ್ನು ಜೊತೆಗೇ ಹೇಳಿ. ಹೀಗೆ: "ಸರಾಸರಿ 202.0 ಗ್ರಾಂ, ಮಾನಕ ವಿಚಲನೆ 2.6 ಗ್ರಾಂ. 300ರಲ್ಲಿ 10 ಪ್ಯಾಕೆಟ್‌ಗಳ ಸ್ಯಾಂಪಲ್, 9ರಿಂದ ಭಾಗಿಸಿದೆ."